ಗ್ರಹಣ 12 ನಿಮಿಷ ಬೇಗ ಬಂತು. ತಪ್ಪು ನನ್ನದಾ, ನಕ್ಷತ್ರದ್ದಾ?

ಕಾಫಿಗಿಡ ಕೇಳಿದ್ದು:

ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮದು ಮಲೆನಾಡಿನ ಸಣ್ಣ ಊರು. ಮಳೆ ಮುಗಿದ ಮೇಲೆ ಆಕಾಶ ಚೆನ್ನಾಗಿರುತ್ತದೆ. ಎರಡು ವರ್ಷ ನೆಬ್ಯುಲಾ, ಗೆಲಾಕ್ಸಿ ಅಂತ ಫೋಟೊ ತೆಗೆದು ತೆಗೆದು ಸಾಕಾಯಿತು. ಈ ಸಲ ಏನಾದರೂ ಅಳೆಯೋಣ ಅಂತ ಗ್ರಹಣದ ಜೋಡಿ ನಕ್ಷತ್ರಗಳಿಗೆ ಕೈ ಹಾಕಿದೆ. ಒಂದರ ಸುತ್ತ ಒಂದು ಸುತ್ತುತ್ತಾ ನಮಗೆ ಅಡ್ಡ ಬಂದು ಬೆಳಕು ತಗ್ಗಿಸುತ್ತವಲ್ಲ, ಆ ಜೋಡಿಗಳು. ಆರಿಸಿಕೊಂಡಿದ್ದು ಆರ್‌ಝಡ್ ಕ್ಯಾಸಿಯೋಪಿಯೇ. ಕ್ಯಾಸಿಯೋಪಿಯಾ ಅಂದರೆ ನಮ್ಮ ಕನ್ನಡ ಪುಸ್ತಕಗಳಲ್ಲಿ ಬರುವ ಕುಂತಿ. ಈ ನಕ್ಷತ್ರ 6.2ರಿಂದ 7.7 ಮ್ಯಾಗ್ನಿಟ್ಯೂಡ್‌ಗೆ ಇಳಿಯುತ್ತದೆ (ಹೊಳಪಿನ ಅಳತೆ ಇದು, ಅಂಕಿ ಹೆಚ್ಚಾದಷ್ಟೂ ಮಂಕು), ಮತ್ತೆ ಏರುತ್ತದೆ, ಎಲ್ಲ ಸೇರಿ ಐದು ಗಂಟೆಯ ಆಟ. ಒಂದು ಸುತ್ತಿಗೆ 1.195 ದಿನ. ಒಂದೇ ರಾತ್ರಿಯಲ್ಲಿ ಪೂರ್ತಿ ಗ್ರಹಣ ಸಿಗುತ್ತದೆ ಅನ್ನೋದೇ ನನಗೆ ಆಸೆ ಹುಟ್ಟಿಸಿದ್ದು.

ಡಿಸೆಂಬರ್ ಮಧ್ಯದಲ್ಲಿ ಒಂದು ರಾತ್ರಿ ಕೂತೆ. ಡಿಎಸ್‌ಎಲ್‌ಆರ್, 135 ಎಂಎಂ ಲೆನ್ಸ್, ಆಕಾಶದ ಜೊತೆ ಕ್ಯಾಮೆರಾ ತಿರುಗಿಸುವ ಸಣ್ಣ ಟ್ರ್ಯಾಕರ್, 20 ಸೆಕೆಂಡಿನ ಫ್ರೇಮ್‌ಗಳು. ಸಂಜೆ 7:20ರಿಂದ ರಾತ್ರಿ 12:10ರವರೆಗೆ. ತಾರಸಿಯ ಮೇಲೆ ಕಂಬಳಿ ಹೊದ್ದು, ಮೂರು ಫ್ಲಾಸ್ಕ್ ಕಾಫಿ. ನಡುವೆ ಒಂದು ಸಲ ಕರೆಂಟ್ ಹೋಯಿತು, ಅದು ಆಕಾಶಕ್ಕೆ ಒಳ್ಳೆಯದೇ ಆಯಿತು ಬಿಡಿ.

ಗ್ರಾಫ್ ಹಾಕಿದಾಗ ನನಗೇ ನಂಬಲಾಗಲಿಲ್ಲ, ಅಷ್ಟು ಚೆಂದದ ಬಟ್ಟಲು. ಆದರೆ ಎರಡು ತಲೆನೋವು.

ಮೊದಲನೆಯದು ಸಮಯ. ಹಳೇ ಕೈಪಿಡಿಯೊಂದರಲ್ಲಿ ಒಂದು ಆರಂಭದ ಸಮಯ ಮತ್ತು ಸುತ್ತಿನ ಅವಧಿ ಕೊಟ್ಟಿದ್ದರು. ಅದರಿಂದ ಲೆಕ್ಕ ಹಾಕಿದರೆ ಬೆಳಕು ಅತಿ ಕಡಿಮೆ ಆಗಬೇಕಾದದ್ದು ರಾತ್ರಿ 9:47ಕ್ಕೆ. ನನಗೆ ಸಿಕ್ಕಿದ್ದು 9:34 ದಾಟಿ ಅರ್ಧ ನಿಮಿಷ. ಹನ್ನೆರಡೂವರೆ ನಿಮಿಷ ಮುಂಚೆ!

ಎರಡನೆಯದು, ಗೆರೆಯ ಶುರುವಿನ, ಇನ್ನೂ ಹೆಚ್ಚು ಇಳಿಯದ ಭಾಗದಲ್ಲಿ ಸಣ್ಣ ಸಣ್ಣ ಅಲೆಗಳಿವೆ. ಈ ನಕ್ಷತ್ರದ ಒಳಗೆ ಮಿಡಿತವೂ ಇದೆ ಅಂತ ಎಲ್ಲೋ ಓದಿದ್ದೆ. ನನಗೆ ಸಿಕ್ಕಿದ್ದು ಅದೇನಾ? ಸುತ್ತಿನ ಅವಧಿ ಬದಲಾಗಿದೆ, ಮಿಡಿತವೂ ಸಿಕ್ಕಿದೆ ಅಂತ ಕುಣಿಯಬಹುದಾ, ಅಥವಾ ಸುಮ್ನೆ ಮಲಗಬೇಕಾ?

---

ಮೋಡಕವಿದವ ಬರೆದದ್ದು:

ಮೊದಲು ಕ್ಯಾಮೆರಾದ ಗಡಿಯಾರ ನೋಡಿ ಮಾರಾಯ್ರೆ. ಡಿಎಸ್‌ಎಲ್‌ಆರ್ ಒಳಗಿನ ಗಡಿಯಾರ ಅಂದರೆ ನಮ್ಮ ಅಜ್ಜನ ಮನೆ ಗೋಡೆ ಗಡಿಯಾರಕ್ಕಿಂತ ಕಡೆ. ವಾರಕ್ಕೆ ಹತ್ತಿಪ್ಪತ್ತು ಸೆಕೆಂಡ್ ಜಾರಿದರೂ ಯಾರಿಗೂ ಗೊತ್ತಾಗುವುದಿಲ್ಲ. ನಾನು ಒಂದು ವರ್ಷ ಪೂರ್ತಿ ಆಲ್ಗಾಲ್ ಅನ್ನುವ ಗ್ರಹಣದ ಜೋಡಿ ನೋಡಿ, ಕೊನೆಗೆ ಗಡಿಯಾರ ಆರು ನಿಮಿಷ ಮುಂದಿದೆ ಅಂತ ಗೊತ್ತಾಗಿ ಎಲ್ಲ ಗಂಟು ಕಟ್ಟಿ ಇಟ್ಟಿದ್ದೇನೆ. ಯಾವಾಗಿಂದ ಆರು ನಿಮಿಷ ಮುಂದಿತ್ತು ಅನ್ನೋದು ದೇವರಿಗೇ ಗೊತ್ತು. ಹಾಗಾಗಿ ಸರಿಪಡಿಸೋದಕ್ಕೂ ಬರುವುದಿಲ್ಲ.

ಇನ್ನೊಂದು. ಫೈಲ್‌ನಲ್ಲಿ ಬರೆದಿರುವುದು ಎಕ್ಸ್‌ಪೋಶರ್ ಶುರುವಾದ ಸಮಯ. ನಿಮಗೆ ಬೇಕಾದದ್ದು ನಡುವಿನ ಸಮಯ. 20 ಸೆಕೆಂಡಿಗೆ 10 ಸೆಕೆಂಡ್ ಸೇರಿಸಿ. ಸಣ್ಣದೇ, ಆದರೆ ಅಭ್ಯಾಸ ಆಗಲಿ.

---

ಲೆಕ್ಕದಮೇಷ್ಟ್ರು ಬರೆದದ್ದು:

ಮೋಡಕವಿದವರು ಹೇಳಿದ್ದು ಸರಿ. ಆದರೆ ಗಡಿಯಾರ ಸರಿ ಇದ್ದಿದ್ದರೂ ನಿಮಗೆ ಐದು ನಿಮಿಷ ಬೇಗವೇ ಕಾಣುತ್ತಿತ್ತು. ಇದನ್ನು ಯಾರೂ ಮೊದಲ ಸಲ ನಂಬುವುದಿಲ್ಲ.

ಕೈಪಿಡಿಯ ಸಮಯ ಭೂಮಿಯದ್ದಲ್ಲ, ಸೂರ್ಯನದ್ದು. ಅಂದರೆ ಸೂರ್ಯನ ಜಾಗದಲ್ಲಿ ಕೂತು ನೋಡಿದರೆ ಗ್ರಹಣ ಯಾವಾಗ ಕಾಣುತ್ತಿತ್ತೋ ಆ ಹೊತ್ತು. ಭೂಮಿ ವರ್ಷವಿಡೀ ಸುತ್ತುತ್ತಲೇ ಇರುತ್ತದೆ. ಕೆಲವು ತಿಂಗಳು ಆ ನಕ್ಷತ್ರಕ್ಕೆ ಹತ್ತಿರ, ಕೆಲವು ತಿಂಗಳು ದೂರ. ಸೂರ್ಯನಿಂದ ಭೂಮಿಗೆ ಬೆಳಕು ಬರಲು 8 ನಿಮಿಷ 20 ಸೆಕೆಂಡ್ ಬೇಕು ಅಲ್ವಾ, ಅಷ್ಟರೊಳಗಿನ ವ್ಯತ್ಯಾಸ ಬಂದೇ ಬರುತ್ತದೆ. ಆರ್‌ಝಡ್ ಕ್ಯಾಸ್ ಭೂಮಿಯ ಕಕ್ಷೆಯ ಮಟ್ಟದಿಂದ ಸುಮಾರು 50 ಡಿಗ್ರಿ ಮೇಲಿದೆ. ಹಾಗಾಗಿ ಅದಕ್ಕೆ ಪೂರ್ತಿ ಎಂಟಲ್ಲ, ಹೆಚ್ಚೆಂದರೆ ಐದೂಕಾಲು ನಿಮಿಷ. ನವೆಂಬರ್ ಕೊನೆಯಲ್ಲಿ ಅದು ತುತ್ತತುದಿಗೆ ಹೋಗುತ್ತದೆ. ಡಿಸೆಂಬರ್ ಮಧ್ಯದಲ್ಲಿ ಸುಮಾರು 5.1 ನಿಮಿಷ. ಆ ಹೊತ್ತಿಗೆ ನಾವು ನಕ್ಷತ್ರಕ್ಕೆ ಹತ್ತಿರ ಇರುವುದರಿಂದ ಸುದ್ದಿ ನಮಗೆ ಬೇಗ ತಲುಪುತ್ತದೆ. ನಿಮ್ಮ ಹನ್ನೆರಡೂವರೆಯಲ್ಲಿ ಐದು ಹೋಯಿತು.

ಉಳಿದದ್ದರಲ್ಲಿ ಗಡಿಯಾರದ ಪಾಲು ಎಷ್ಟು ಅಂತ ನೀವೇ ಹೇಳಬೇಕು.

ಈಗ ಆ ಹಳೇ ಕೈಪಿಡಿ. ಎಷ್ಟು ಹಳೇದು? ನಲವತ್ತು ವರ್ಷ ಅಂತ ಇಟ್ಟುಕೊಳ್ಳಿ. ಈ ಜೋಡಿ ವರ್ಷಕ್ಕೆ ಸುಮಾರು 305 ಸುತ್ತು ಹಾಕುತ್ತದೆ. ನಲವತ್ತು ವರ್ಷಕ್ಕೆ ಹನ್ನೆರಡು ಸಾವಿರ ಚಿಲ್ಲರೆ. ಅವಧಿಯಲ್ಲಿ ಒಂದು ಸೆಕೆಂಡಿನ ಹತ್ತನೇ ಒಂದು ಪಾಲು ತಪ್ಪಿದ್ದರೂ ಇವತ್ತಿಗೆ ಇಪ್ಪತ್ತು ನಿಮಿಷ ಆಗಿಬಿಟ್ಟಿರುತ್ತದೆ. ಹಾಗಾಗಿ ಹಳೇ ಅಂಕಿ ಇಟ್ಟುಕೊಂಡು ನಕ್ಷತ್ರ ಬದಲಾಯಿತು ಅನ್ನುವ ಮುಂಚೆ ಹೊಸ ಅಂಕಿ ನೋಡಿ. ಪೋಲೆಂಡಿನ ಕ್ರಾಕೋವ್‌ನ ಖಗೋಳ ತಂಡ ಇಂಥ ಸಾವಿರಾರು ಜೋಡಿಗಳ ಪಟ್ಟಿ ಇಟ್ಟುಕೊಂಡಿದೆ, ಯಾರು ಬೇಕಾದರೂ ನೋಡಬಹುದು. ಅಮೆರಿಕದ ಎಎವಿಎಸ್‌ಒ ಕೂಡ. ಅದು 1911ರಿಂದ ನಮ್ಮಂಥ ಹವ್ಯಾಸಿಗಳ ಅಳತೆಗಳನ್ನು ಕೂಡಿಡುತ್ತಿರುವ ಸಂಸ್ಥೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನೀವು ಕಂಡ ಸಮಯದಿಂದ ಲೆಕ್ಕದ ಸಮಯ ಕಳೆದರೆ ಸಿಗುವುದಕ್ಕೆ ಒ-ಸಿ ಅನ್ನುತ್ತಾರೆ. ಒಂದು ಗ್ರಹಣದ ಒ-ಸಿ ಏನೂ ಹೇಳುವುದಿಲ್ಲ. ಇಪ್ಪತ್ತು ಮೂವತ್ತು ವರ್ಷದ ನೂರಾರು ಗ್ರಹಣಗಳನ್ನು ಸಾಲಾಗಿ ಚುಕ್ಕಿ ಹಾಕಿದಾಗ ಅದು ಮಾತಾಡಲು ಶುರು ಮಾಡುತ್ತದೆ. ದಿನಕ್ಕೆ ಹತ್ತು ಸೆಕೆಂಡ್ ಹಿಂದೆ ಬೀಳುವ ಗಡಿಯಾರ ನೆನೆಸಿಕೊಳ್ಳಿ. ಪ್ರತಿದಿನದ ತಪ್ಪನ್ನು ಚುಕ್ಕಿ ಹಾಕಿದರೆ ಓರೆ ಗೆರೆ ಬರುತ್ತದೆ. ಗಡಿಯಾರ ಕೆಟ್ಟಿಲ್ಲ, ನೀವು ಅದರ ವೇಗ ತಪ್ಪು ಅಂದುಕೊಂಡಿದ್ದೀರಿ ಅಷ್ಟೇ. ಇವತ್ತು ಹತ್ತು, ನಾಳೆ ಹನ್ನೊಂದು, ನಾಡಿದ್ದು ಹನ್ನೆರಡು ಸೆಕೆಂಡ್ ಅಂತ ದಿನಾ ಹೆಚ್ಚು ಹೆಚ್ಚು ಹಿಂದೆ ಬಿದ್ದರೆ ಗೆರೆ ಬಾಗುತ್ತದೆ. ಆಗ ಗಡಿಯಾರವೇ ಬದಲಾಗುತ್ತಿದೆ ಅಂತ ಅರ್ಥ.

ಬಾಗುವುದಕ್ಕೆ ಬೀಟಾ ಲೈರೇಗಿಂತ ಒಳ್ಳೇ ಉದಾಹರಣೆ ಇಲ್ಲ. ಬರಿಗಣ್ಣಿಗೆ ಕಾಣುವ ನಕ್ಷತ್ರ. ಅದರ ಸುತ್ತು ಸುಮಾರು 12.94 ದಿನ, ಮತ್ತು ಅದು ವರ್ಷಕ್ಕೆ 19 ಸೆಕೆಂಡ್ ಉದ್ದವಾಗುತ್ತಿದೆ. ಹತ್ತೊಂಬತ್ತು ಸೆಕೆಂಡ್ ಏನು ಮಹಾ ಅನಿಸುತ್ತದೆ. ಆದರೆ ವರ್ಷಕ್ಕೆ 28 ಸುತ್ತು, ಪ್ರತಿ ಸುತ್ತಿನ ತಪ್ಪೂ ಹಿಂದಿನದರ ಮೇಲೆ ಕೂಡುತ್ತಾ ಹೋಗುತ್ತದೆ. ಹತ್ತು ವರ್ಷದಲ್ಲಿ ಗ್ರಹಣ ಏಳು ಗಂಟೆಗೂ ಹೆಚ್ಚು ತಡವಾಗಿ ಬರುತ್ತದೆ. ಬಡ್ಡಿ ಲೆಕ್ಕದ ಹಾಗೆ.

ಕಾರಣ ಅಲ್ಲಿ ಸ್ಪಷ್ಟ. ಒಂದರಿಂದ ಇನ್ನೊಂದಕ್ಕೆ ದ್ರವ್ಯ ಸುರಿಯುತ್ತಿದೆ. ಹಗುರವಾದದ್ದು ಭಾರವಾದದ್ದಕ್ಕೆ ಕೊಟ್ಟರೆ ಎರಡೂ ದೂರ ಸರಿಯುತ್ತವೆ, ಸುತ್ತು ಉದ್ದವಾಗುತ್ತದೆ. ಭಾರವಾದದ್ದು ಹಗುರವಾದದ್ದಕ್ಕೆ ಕೊಟ್ಟರೆ ಹತ್ತಿರ ಬರುತ್ತವೆ.

ಆರ್‌ಝಡ್ ಕ್ಯಾಸ್ ಇಷ್ಟು ಸರಳ ಅಲ್ಲ. ಅಲ್ಲೂ ಕೊಡುವವನು ಹಗುರ, ಸುಮಾರು 0.7 ಸೂರ್ಯ. ತೆಗೆದುಕೊಳ್ಳುವವನು ಭಾರ, ಸುಮಾರು 2 ಸೂರ್ಯ. ಲೆಕ್ಕದ ಪ್ರಕಾರ ನೀಟಾಗಿ ಬಾಗಬೇಕು. ಆದರೆ ಅದರ ಒ-ಸಿ ಹಾವಿನ ಹಾಗೆ ಆಚೆ ಈಚೆ ಹೊರಳುತ್ತದೆ. ಯಾಕೆ ಅಂದರೆ ಆ ತಂಪಾದ ನಕ್ಷತ್ರ 1.2 ದಿನಕ್ಕೊಮ್ಮೆ ತನ್ನನ್ನೇ ತಾನು ಸುತ್ತುತ್ತದೆ. ನಮ್ಮ ಸೂರ್ಯನಿಗೆ ಅದೇ ಕೆಲಸಕ್ಕೆ ಇಪ್ಪತ್ತೈದು ದಿನ ಬೇಕು. ಅಷ್ಟು ವೇಗದಲ್ಲಿ ಸುತ್ತುವ, ಹೊರಪದರ ಕುದಿಯುವ ನಕ್ಷತ್ರದಲ್ಲಿ ಕಾಂತ ಶಕ್ತಿ ಜೋರಾಗಿರುತ್ತದೆ. ಕಾಂತ ಚಕ್ರ ಏರಿಳಿದಾಗ ನಕ್ಷತ್ರದ ಆಕಾರ ಸ್ವಲ್ಪ ಚಪ್ಪಟೆ, ಸ್ವಲ್ಪ ಗುಂಡು ಆಗುತ್ತದೆ, ಆಗ ಗುರುತ್ವದ ಎಳೆತ ಬದಲಾಗಿ ಸುತ್ತಿನ ಅವಧಿ ಹಿಗ್ಗುತ್ತದೆ, ಕುಗ್ಗುತ್ತದೆ. ಇದನ್ನು 1992ರಲ್ಲಿ ಆಪಲ್‌ಗೇಟ್ ಅನ್ನುವವರು ಲೆಕ್ಕ ಹಾಕಿ ತೋರಿಸಿದರು. ಅದೇ ಪೂರ್ತಿ ಉತ್ತರ ಅಂತ ನಾನು ಒಪ್ಪುವುದಿಲ್ಲ. ಎಷ್ಟೋ ಜೋಡಿಗಳಿಗೆ ಅಷ್ಟು ಶಕ್ತಿ ಎಲ್ಲಿಂದ ಬರಬೇಕು ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ.

---

ಕಾಫಿಗಿಡ ಬರೆದದ್ದು:

ಅಯ್ಯೋ. ಗಡಿಯಾರ ನೋಡಿದೆ. 2 ನಿಮಿಷ 50 ಸೆಕೆಂಡ್ ಹಿಂದಿದೆ. ಗ್ರಹಣ ನೋಡಿ ಎರಡೇ ದಿನ ಆಗಿರುವುದರಿಂದ ಆವತ್ತೂ ಹೆಚ್ಚುಕಮ್ಮಿ ಅಷ್ಟೇ ಇದ್ದಿರಬೇಕು.

ಹಾಗಾದರೆ ಸೂರ್ಯನ ಲೆಕ್ಕಕ್ಕೆ 5.1, ಗಡಿಯಾರಕ್ಕೆ 2.8, ಎಕ್ಸ್‌ಪೋಶರ್ ನಡುವಿಗೆ ಚೂರು. ಉಳಿದದ್ದು ನಾಲ್ಕೂವರೆ ನಿಮಿಷ. ಇಷ್ಟು ಬೇಗ ನನ್ನ ಆವಿಷ್ಕಾರ ಕರಗುತ್ತದೆ ಅಂದುಕೊಂಡಿರಲಿಲ್ಲ. ಕೈಪಿಡಿ ನಮ್ಮ ಕಾಲೇಜಿನ ಕಾಲದ್ದು, ವಯಸ್ಸು ಕೇಳಬೇಡಿ.

ಅಲೆಗಳ ಬಗ್ಗೆ ಯಾರೂ ಏನೂ ಹೇಳಲಿಲ್ಲ?

---

ಬಡಗಣಗಾಳಿ ಬರೆದದ್ದು:

ಅಲೆಗಳ ಬಗ್ಗೆ ನಾನು ಹೇಳುತ್ತೇನೆ. ನಾನಿರುವುದು ಜರ್ಮನಿಯಲ್ಲಿ. ಇಲ್ಲಿ ಆರ್‌ಝಡ್ ಕ್ಯಾಸ್ ಮುಳುಗುವುದೇ ಇಲ್ಲ, ವರ್ಷವಿಡೀ ತಲೆಯ ಮೇಲೆ ಸುತ್ತುತ್ತಿರುತ್ತದೆ. ಆದರೆ ಡಿಸೆಂಬರ್ ಅಂದರೆ ಮೋಡ, ಮೋಡ, ಮತ್ತೆ ಮೋಡ. ನಿಮ್ಮ ಒಂದು ರಾತ್ರಿ ನನಗೆ ಸಿಕ್ಕಿದ್ದರೆ ಹಬ್ಬ ಮಾಡುತ್ತಿದ್ದೆ.

ಮೊದಲು ಒಂದೇ ಪ್ರಶ್ನೆ. ಒಂದು ಅಲೆಯಿಂದ ಇನ್ನೊಂದಕ್ಕೆ ಎಷ್ಟು ನಿಮಿಷ?

ಈ ನಕ್ಷತ್ರದ ನಿಜವಾದ ಮಿಡಿತ 22.4 ನಿಮಿಷದ್ದು. ಅದು ಗೊತ್ತಾಗಿದ್ದು 1990ರ ದಶಕದ ಕೊನೆಯಲ್ಲಿ, ಜಪಾನಿನ ವೀಕ್ಷಕರಿಂದ. ಯೋಚನೆ ಮಾಡಿ, ಹೆಚ್ಚುಕಮ್ಮಿ ತೊಂಬತ್ತು ವರ್ಷದಿಂದ ಜನ ಈ ಜೋಡಿಯ ಗ್ರಹಣ ಅಳೆಯುತ್ತಿದ್ದರು. ಅಲೆ ಅಷ್ಟು ಸಣ್ಣದಾಗಿದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ಏರಿಳಿತ ಎಲ್ಲ ಸೇರಿ 0.02 ಮ್ಯಾಗ್ನಿಟ್ಯೂಡ್ ಆಸುಪಾಸು, ಅಂದರೆ ಬೆಳಕಿನ ನೂರರಲ್ಲಿ ಎರಡು ಪಾಲು. ಗ್ರಹಣದಲ್ಲಿ ಬೆಳಕು ನಾಲ್ಕನೇ ಒಂದು ಪಾಲಿಗೆ ಬೀಳುತ್ತದೆ. ಆನೆಯ ಪಕ್ಕ ಇರುವೆ.

ಮಿಡಿಯುವುದು ಭಾರವಾದ, ಬಿಸಿಯಾದ ನಕ್ಷತ್ರ. ಇಡ್ಲಿ ಪಾತ್ರೆಯ ಮುಚ್ಚಳ ನೋಡಿದ್ದೀರಲ್ಲ? ಆವಿ ತುಂಬಿದಾಗ ಮುಚ್ಚಳ ಏಳುತ್ತದೆ, ಆವಿ ಬಿಟ್ಟು ಕೂರುತ್ತದೆ, ಮತ್ತೆ ಏಳುತ್ತದೆ. ಇಲ್ಲಿ ಮುಚ್ಚಳದ ಕೆಲಸ ಮಾಡುವುದು ಒಳಗಿನ ಹೀಲಿಯಂ ಪದರ. ಒತ್ತಿದಾಗ ಶಾಖವನ್ನು ತಡೆಹಿಡಿಯುತ್ತದೆ, ಹಿಗ್ಗಿದಾಗ ಬಿಡುತ್ತದೆ. ಇಂಥ ನಕ್ಷತ್ರಗಳಿಗೆ ಡೆಲ್ಟಾ ಸ್ಕೂಟಿ ಬಗೆ ಅನ್ನುತ್ತಾರೆ. ಒಂಟಿ ಡೆಲ್ಟಾ ಸ್ಕೂಟಿಗಳು ಬೇಕಾದಷ್ಟಿವೆ. ಆರ್‌ಝಡ್ ಕ್ಯಾಸ್‌ನ ವಿಶೇಷ ಏನೆಂದರೆ, ಮಿಡಿಯುವವನ ತಲೆಯ ಮೇಲೆ ಪಕ್ಕದವನು ಅನಿಲ ಸುರಿಯುತ್ತಿದ್ದಾನೆ. ಹೊಡೆತ ಬಿದ್ದಾಗ ಮಿಡಿತ ಬದಲಾಗುತ್ತದಾ? ಇದರ ಮಿಡಿತದ ಎತ್ತರ ಎಲ್ಲ ವರ್ಷವೂ ಒಂದೇ ಸಮ ಇರುವುದಿಲ್ಲ ಅನ್ನುವುದು ದಾಖಲಾಗಿದೆ. ಅದಕ್ಕೇ ಇಂಥ ಜೋಡಿಗಳಿಗೆ ಪ್ರತ್ಯೇಕ ಗುಂಪನ್ನೇ ಮಾಡಿದ್ದಾರೆ, ಮಿಡಿಯುವ ಆಲ್ಗಾಲ್‌ಗಳು ಅಂತ. ವೈ ಕ್ಯಾಮೆಲೋಪಾರ್ಡಲಿಸ್, ಎಎಸ್ ಎರಿಡಾನಿ ಎಲ್ಲ ಇದೇ ಗುಂಪಿನವು, ಅವುಗಳ ಮಿಡಿತ 1970ರ ದಶಕದಲ್ಲೇ ಸಿಕ್ಕಿತ್ತು.

ಮತ್ತೆ ಇದರಲ್ಲಿ ಒಂದು ಮಜಾ ಇದೆ. ಗ್ರಹಣ ಅಂದರೆ ಪಕ್ಕದವನು ಮಿಡಿಯುವವನ ಮುಖದ ಮೇಲೆ ಪರದೆ ಎಳೆದ ಹಾಗೆ. ಪರದೆ ಸರಿಯುವಾಗ ಯಾವ ಭಾಗ ಮುಚ್ಚಿದರೆ ಅಲೆ ದೊಡ್ಡದಾಗುತ್ತದೆ, ಯಾವ ಭಾಗ ಮುಚ್ಚಿದರೆ ಸಣ್ಣದಾಗುತ್ತದೆ ಅಂತ ನೋಡಿ, ನಕ್ಷತ್ರದ ಮೈಯ ಯಾವ ಜಾಗ ಏಳುತ್ತಿದೆ, ಯಾವ ಜಾಗ ಬೀಳುತ್ತಿದೆ ಅಂತ ಹೇಳಬಹುದು. ಒಂಟಿ ನಕ್ಷತ್ರಕ್ಕೆ ಈ ಸೌಕರ್ಯ ಇಲ್ಲ, ಅದು ದೊಡ್ಡ ದೂರದರ್ಶಕದಲ್ಲೂ ಬರೀ ಚುಕ್ಕಿ.

---

ಕಾಫಿಗಿಡ ಬರೆದದ್ದು:

ಈಗ ಸ್ಕೇಲ್ ಇಟ್ಟು ಅಳೆದೆ. ನನ್ನ ಅಲೆಗಳ ನಡುವೆ ಹತ್ತು ನಿಮಿಷ. ಎಲ್ಲ ಕಡೆ ಹತ್ತೇ. 22ರ ಅರ್ಧವೂ ಅಲ್ಲ, ಅಲ್ವಾ? ಎತ್ತರ ಮಾತ್ರ 0.03ರ ಹತ್ತಿರ.

---

ಮೋಡಕವಿದವ ಬರೆದದ್ದು:

ಹತ್ತು ನಿಮಿಷ! ನಿಮ್ಮ ಟ್ರ್ಯಾಕರ್ ಒಳಗೆ 144 ಹಲ್ಲಿನ ಚಕ್ರ ಇದೆಯಾ ನೋಡಿ. ಸಣ್ಣ ಟ್ರ್ಯಾಕರ್‌ಗಳಲ್ಲಿ ಅದು ತುಂಬಾ ಸಾಮಾನ್ಯ. ಆಕಾಶ ಒಂದು ಸುತ್ತು ಬರಲು 1436 ನಿಮಿಷ. 144ರಿಂದ ಭಾಗಿಸಿ.

---

ಕಾಫಿಗಿಡ ಬರೆದದ್ದು:

9.97. ಟ್ರ್ಯಾಕರ್ ಜೊತೆ ಬಂದ ಕೈಪಿಡಿಯಲ್ಲಿ 144 ಅಂತಲೇ ಬರೆದಿದ್ದಾರೆ. ನಾನು ನಕ್ಷತ್ರದ ಮಿಡಿತ ಅಂದುಕೊಂಡು ಹಲ್ಲಿನ ಚಕ್ರದ ಮಿಡಿತ ಅಳೆದಿದ್ದೇನೆ. ಮನೆಯಲ್ಲಿ ಹೇಳಿದರೆ ಊಟ ಹಾಕುವುದಿಲ್ಲ.

---

ಬಡಗಣಗಾಳಿ ಬರೆದದ್ದು:

ನಗಬೇಡಿ, ಇದು ಎಲ್ಲರಿಗೂ ಆಗುತ್ತದೆ. ಚಕ್ರ ಒಂದೊಂದು ಹಲ್ಲು ಮುಂದೆ ಹೋಗುವಾಗಲೂ ನಕ್ಷತ್ರ ಸೆನ್ಸರ್ ಮೇಲೆ ಆಚೆ ಈಚೆ ಜಾರುತ್ತದೆ. ಡಿಎಸ್‌ಎಲ್‌ಆರ್ ಸೆನ್ಸರ್‌ನಲ್ಲಿ ಕೆಂಪು, ಹಸಿರು, ನೀಲಿ ಚೌಕಗಳು ರಂಗೋಲಿ ಹಾಕಿದ ಹಾಗೆ ಇರುತ್ತವೆ. ಚೂಪಾದ ಚುಕ್ಕಿ ಒಮ್ಮೆ ಹಸಿರಿನ ಮೇಲೆ ಜಾಸ್ತಿ, ಒಮ್ಮೆ ಕಡಿಮೆ. ಅದೇ ಅಲೆಯಾಗಿ ಕಾಣುತ್ತದೆ. ಪರಿಹಾರ ಏನು ಗೊತ್ತಾ? ಫೋಕಸ್ ಕೆಡಿಸಿ. ಹೌದು, ಬೇಕಂತಲೇ. ನಕ್ಷತ್ರ ಸಣ್ಣ ವಡೆಯಷ್ಟು ಹರಡಲಿ, ಒಂದೇ ಚೌಕದ ಮೇಲೆ ಭಾರ ಬೀಳದ ಹಾಗೆ. ಎರಡು ವರ್ಷ ಚೂಪು ಫೋಕಸ್‌ಗೆ ಒದ್ದಾಡಿದವರಿಗೆ ಇದು ಮನಸ್ಸಿಗೆ ಕಷ್ಟ, ಗೊತ್ತು.

ಜೊತೆಗೆ ಬದಲಾಗದ ಇನ್ನೊಂದು ನಕ್ಷತ್ರವನ್ನೂ ಅದೇ ರೀತಿ ಅಳೆಯಿರಿ. ಅದರಲ್ಲೂ ಅಲೆ ಇದ್ದರೆ ತಪ್ಪು ನಿಮ್ಮದು. ಅದು ಸಪಾಟಾಗಿದ್ದು ಆರ್‌ಝಡ್ ಕ್ಯಾಸ್ ಮಾತ್ರ ಕುಣಿದರೆ ಆಗ ಮಾತಾಡೋಣ.

ಒಂದು ವಿಷಯದಲ್ಲಿ ನಿಮ್ಮ ಅದೃಷ್ಟ ಚೆನ್ನಾಗಿದೆ. ನಿಮ್ಮ ಊರಿನಿಂದ ಈ ನಕ್ಷತ್ರ 33 ಡಿಗ್ರಿಗಿಂತ ಮೇಲೆ ಹೋಗುವುದಿಲ್ಲ, ಅದು ಬೇಜಾರು. ಆದರೆ ಧ್ರುವದ ಹತ್ತಿರ ಇರುವುದರಿಂದ ಆ ಐದು ಗಂಟೆಯಲ್ಲಿ ಅದು 29ರಿಂದ 33ಕ್ಕೆ ಹೋಗಿ ವಾಪಸ್ಸು ಬರುತ್ತದೆ, ಅಷ್ಟೇ. ಗಾಳಿಯ ದಪ್ಪ ಹೆಚ್ಚು ಬದಲಾಗುವುದಿಲ್ಲ. ಪೂರ್ವದಲ್ಲಿ ಹುಟ್ಟಿ ನೆತ್ತಿಗೆ ಬರುವ ನಕ್ಷತ್ರವಾದರೆ ಆ ತಿದ್ದುಪಡಿಯೇ ಒಂದು ದೊಡ್ಡ ರಗಳೆ.

---

ಹೊಸಬ_2 ಬರೆದದ್ದು:

ಸುಮ್ಮನೆ ಓದುತ್ತಿದ್ದೆ. ಒಂದು ದಡ್ಡ ಪ್ರಶ್ನೆ. ಇಷ್ಟೆಲ್ಲ ಕಷ್ಟ ಯಾಕೆ? ಈಗ ಬಾಹ್ಯಾಕಾಶದಲ್ಲೇ ದೂರದರ್ಶಕಗಳಿವೆಯಲ್ಲ, ಅವು ಅಳೆಯುವುದಿಲ್ಲವಾ?

---

ಲೆಕ್ಕದಮೇಷ್ಟ್ರು ಬರೆದದ್ದು:

ದಡ್ಡ ಪ್ರಶ್ನೆ ಅಲ್ಲ. 2018ರಲ್ಲಿ ಹಾರಿದ ಟೆಸ್ ಅನ್ನುವ ಬಾಹ್ಯಾಕಾಶ ದೂರದರ್ಶಕ ಆಕಾಶದ ಒಂದೊಂದು ಪಟ್ಟಿಯನ್ನು 27 ದಿನ ನೋಡಿ ಮುಂದಕ್ಕೆ ಹೋಗುತ್ತದೆ. ಆ 27 ದಿನದ ಗೆರೆ ನೋಡಿದರೆ ಕಣ್ಣು ತಂಪಾಗುತ್ತದೆ. ಆರ್‌ಝಡ್ ಕ್ಯಾಸ್ ಅದರಲ್ಲಿದೆ, ಪುಕ್ಕಟೆ. ಮಿಡಿತ ಹುಡುಕುವುದಾದರೆ ಅದೇ ಸರಿಯಾದ ಜಾಗ.

ಆದರೆ ಸುತ್ತಿನ ಬದಲಾವಣೆಗೆ ಬೇಕಾದದ್ದು 27 ದಿನ ಅಲ್ಲ, ದಶಕಗಳು. 1783ರಲ್ಲಿ ಗುಡ್‌ರಿಕ್ ಅನ್ನುವ ಹದಿನೆಂಟರ ಹುಡುಗ, ಕಿವಿ ಕೇಳದವನು, ಇಂಗ್ಲೆಂಡಿನ ಯಾರ್ಕ್‌ನಲ್ಲಿ ಕೂತು ಆಲ್ಗಾಲ್‌ನ ಅವಧಿ 2 ದಿನ ಇಪ್ಪತ್ತೂಮುಕ್ಕಾಲು ಗಂಟೆಯ ಹತ್ತಿರ ಅಂತ ಹೇಳಿದ. ಬರಿಗಣ್ಣಿನ ಕೆಲಸ. ಆ ಅಳತೆಗಳು ಇವತ್ತಿಗೂ ಆಲ್ಗಾಲ್‌ನ ಒ-ಸಿ ಗೆರೆಯ ಎಡತುದಿಯಲ್ಲಿ ಕೂತಿವೆ. ಟೆಸ್ ಎಷ್ಟೇ ಚೂಪಾಗಿರಲಿ, 1783ಕ್ಕೆ ವಾಪಸ್ಸು ಹೋಗಲು ಅದಕ್ಕೆ ಬರುವುದಿಲ್ಲ. ಅದು ಬೇರೆ ಕಡೆ ನೋಡುತ್ತಿರುವಾಗಲೂ ಗ್ರಹಣ ನಡೆಯುತ್ತಲೇ ಇರುತ್ತದೆ. ಆ ಖಾಲಿ ಜಾಗ ತುಂಬುವವರು ನಾವೇ.

ಸಮಯ ತಪ್ಪಾದರೆ ಏನಾಗುತ್ತದೆ ಅನ್ನುವುದಕ್ಕೂ ಒಂದು ಕತೆ ಇದೆ. 2008ರಲ್ಲಿ ವೃಶ್ಚಿಕದಲ್ಲಿ ಒಂದು ನಕ್ಷತ್ರ ದಿಢೀರ್ ಉರಿಯಿತು, ವಿ1309 ಸ್ಕಾರ್ಪಿಯೈ. ಆಮೇಲೆ ಹಳೇ ಚಿತ್ರಗಳನ್ನು ತೆಗೆದು ನೋಡಿದರೆ, ಅದು 1.4 ದಿನದ ಒಂದು ಜೋಡಿ, ಅವಧಿ ಕುಗ್ಗುತ್ತಾ ಕುಗ್ಗುತ್ತಾ ಬಂದು ಎರಡೂ ಒಂದಾಗಿದ್ದವು. ಇದನ್ನು ನೋಡಿದ ಮೇಲೆ ಮುಂದಿನ ಜೋಡಿ ಯಾವುದು ಅಂತ ಹುಡುಕಾಟ ಶುರುವಾಯಿತು. 2017ರಲ್ಲಿ ಅಮೆರಿಕದ ಒಂದು ತಂಡ, ಕೆಐಸಿ 9832227 ಅನ್ನುವ ಜೋಡಿ 2022ರ ಹೊತ್ತಿಗೆ ಡಿಕ್ಕಿ ಹೊಡೆದು ಬರಿಗಣ್ಣಿಗೆ ಕಾಣುವಷ್ಟು ಹೊಳೆಯಬಹುದು ಅಂತ ಹೇಳಿತು. ಪತ್ರಿಕೆಗಳಲ್ಲೆಲ್ಲ ಬಂತು. ಮರುವರ್ಷ ಇನ್ನೊಂದು ತಂಡ ಲೆಕ್ಕ ಕೆದಕಿದಾಗ ಗೊತ್ತಾಗಿದ್ದು, 2003ರ ಒಂದು ಗ್ರಹಣದ ಸಮಯ ಹಳೇ ಪ್ರಬಂಧವೊಂದರಲ್ಲಿ 12 ಗಂಟೆ ತಪ್ಪಾಗಿ ಅಚ್ಚಾಗಿತ್ತು. ಆ ಜೋಡಿಯ ಸುತ್ತು ಸುಮಾರು 11 ಗಂಟೆ. ಹಾಗಾಗಿ 12 ಗಂಟೆಯ ತಪ್ಪು ಗ್ರಾಫ್‌ನಲ್ಲಿ ಒಂದೇ ಗಂಟೆಯ ತಪ್ಪಾಗಿ ಕಂಡಿತು, ಯಾರಿಗೂ ಅನುಮಾನ ಬರಲಿಲ್ಲ. ಅದನ್ನು ಸರಿಪಡಿಸಿದರೆ ಡಿಕ್ಕಿಯ ಕತೆಯೇ ಮಾಯ. 2022 ಬಂತು, ಹೋಯಿತು, ಏನೂ ಆಗಲಿಲ್ಲ. ಕಾಫಿಗಿಡ ಅವರೇ, ನಿಮ್ಮದು ಬರೀ ಮೂರು ನಿಮಿಷ. ಸಮಾಧಾನ ಮಾಡಿಕೊಳ್ಳಿ.

ಖಗೋಳದವರು ತಿಂಗಳು ವರ್ಷ ಇಲ್ಲದೆ ದಿನಗಳನ್ನು ಒಂದೇ ಸಾಲಾಗಿ ಎಣಿಸುತ್ತಾರೆ, ಆ ಜೂಲಿಯನ್ ದಿನ ಬದಲಾಗುವುದು ಮಧ್ಯಾಹ್ನಕ್ಕೆ, ಗ್ರೀನ್‌ವಿಚ್ ಮಧ್ಯಾಹ್ನಕ್ಕೆ. ಅರ್ಧ ದಿನದ ತಪ್ಪು ನುಸುಳುವುದು ಸಾಮಾನ್ಯವಾಗಿ ಅಲ್ಲೇ. ನಮಗೆ ಮಾತ್ರ ಅದು ಸಂಜೆ 5:30. ಇಡೀ ರಾತ್ರಿ ಒಂದೇ ದಿನದ ಅಂಕಿ. ಇಷ್ಟಾದರೂ ಸೌಕರ್ಯ ನಮಗಿದೆ.

ಇನ್ನು ಮಿಡಿತ ಮತ್ತು ಸುತ್ತು ಎರಡನ್ನೂ ಒಟ್ಟಿಗೆ ನೋಡುವುದು ಯಾಕೆ ಮುಖ್ಯ ಅಂತ ನನಗೆ ಅನಿಸುವುದನ್ನು ಹೇಳಿಬಿಡುತ್ತೇನೆ. ಇಂಥ ಜೋಡಿಯಲ್ಲಿ ಎರಡು ಗಡಿಯಾರಗಳಿವೆ. ಗ್ರಹಣ ಒಂದು, ಮಿಡಿತ ಇನ್ನೊಂದು. ಗ್ರಹಣ ತಡವಾಯಿತು ಅಂತ ಇಟ್ಟುಕೊಳ್ಳಿ. ಕಣ್ಣಿಗೆ ಕಾಣದ ಮೂರನೇ ನಕ್ಷತ್ರ ಈ ಜೋಡಿಯನ್ನು ಎಳೆದುಕೊಂಡು ನಮ್ಮಿಂದ ದೂರ ಹೋಗಿದ್ದರೆ, ಬೆಳಕಿಗೆ ದಾರಿ ಜಾಸ್ತಿಯಾಗಿ ಎರಡೂ ಗಡಿಯಾರ ಒಟ್ಟಿಗೆ ತಡವಾಗಬೇಕು. ಕಾಂತ ಚಕ್ರವೋ ಅನಿಲ ಸುರಿತವೋ ಆಗಿದ್ದರೆ ಹಾಗೆ ಒಂದೇ ಸಮ ಜಾರಬೇಕಾಗಿಲ್ಲ. ಸುತ್ತಿನ ಗಡಿಯಾರ ತನ್ನ ದಾರಿ ಹಿಡಿಯುತ್ತದೆ, ಮಿಡಿತಕ್ಕೆ ಅದರ ಹಂಗಿಲ್ಲ. ಒಂದೇ ಗಡಿಯಾರ ಇದ್ದರೆ ಯಾರ ತಪ್ಪು ಅಂತ ಹೇಳಲು ಬರುವುದಿಲ್ಲ, ನಿಮ್ಮ ಕ್ಯಾಮೆರಾ ವಿಷಯದಲ್ಲಿ ಆದ ಹಾಗೆಯೇ. ಕಷ್ಟ ಏನೆಂದರೆ ಆರ್‌ಝಡ್ ಕ್ಯಾಸ್‌ನ ಮಿಡಿತ ಅಷ್ಟೇನೂ ಶಿಸ್ತಿನ ಗಡಿಯಾರ ಅಲ್ಲ.

---

ಕಾಫಿಗಿಡ ಬರೆದದ್ದು:

ಮೂರು ರಾತ್ರಿ ಕೂತು ಎಲ್ಲ ಮತ್ತೆ ಮಾಡಿದೆ. ವರದಿ ಒಪ್ಪಿಸುತ್ತಿದ್ದೇನೆ.

ಕಡಿಮೆ ಬೆಳಕಿನ ಸಮಯವನ್ನು ಮೊದಲು ಸುಮ್ನೆ ಕಣ್ಣಂದಾಜಿನಲ್ಲಿ ತೆಗೆದಿದ್ದೆ. ಈ ಸಲ ಹಳೇ ಕಾಲದ ಉಪಾಯ ಮಾಡಿದೆ. ಗ್ರಾಫನ್ನು ಎಣ್ಣೆ ಕಾಗದದ ಮೇಲೆ ನಕಲು ಮಾಡಿ, ಇಳಿಯುವ ಬದಿ ಏರುವ ಬದಿಯ ಮೇಲೆ ಕೂರುವ ಹಾಗೆ ಮಡಚಿ, ಮಡಿಕೆ ಬಿದ್ದ ಜಾಗ ಗುರುತು ಹಾಕಿದೆ. ಆಮೇಲೆ ಅದನ್ನೇ ಕಂಪ್ಯೂಟರ್‌ನಲ್ಲಿ ಕ್ವೀ ಮತ್ತು ವಾನ್ ವೂರ್ಡನ್ ವಿಧಾನದಲ್ಲಿ ಮಾಡಿದೆ. 1956ರ ವಿಧಾನ, ತತ್ವ ಅದೇ ಮಡಚುವುದು. ಎರಡಕ್ಕೂ ನಡುವೆ ಅರ್ಧ ನಿಮಿಷವೂ ವ್ಯತ್ಯಾಸ ಇಲ್ಲ! ತಪ್ಪಿನ ಅಂದಾಜು ಎರಡು ನಿಮಿಷ ಆಚೀಚೆ.

ಕೈಪಿಡಿ ಎತ್ತಿಟ್ಟು ಹೊಸ ಅಂಕಿ ಹಾಕಿದೆ. ಉಳಿದಿದ್ದ ನಾಲ್ಕೂವರೆ ನಿಮಿಷದಲ್ಲಿ ಹೆಚ್ಚಿನದು ಹೋಯಿತು. ಈಗ ಉಳಿದಿರುವುದು ಒಂದು ನಿಮಿಷ ಚಿಲ್ಲರೆ, ಅದು ನನ್ನ ತಪ್ಪಿನ ಅಂದಾಜಿನ ಒಳಗೇ ಇದೆ. ಅಲ್ಲಿಗೆ ನಕ್ಷತ್ರ ನಿರಪರಾಧಿ.

ಟೆಸ್ ಡೇಟಾ ಕೂಡ ಇಳಿಸಿದೆ. ಮೊದಲು ಏನೂ ಅರ್ಥ ಆಗಲಿಲ್ಲ. ಗ್ರಹಣಗಳ ನಡುವಿನ ತುಂಡನ್ನು ಹಿಗ್ಗಿಸಿ ನೋಡಿದಾಗ, ಅಲ್ಲಿತ್ತು. ಬಾಚಣಿಗೆಯ ಹಲ್ಲಿನ ಹಾಗೆ ಸಾಲಾಗಿ. ಎಣಿಸಿದೆ, 22 ನಿಮಿಷ ಚಿಲ್ಲರೆ. ರಾತ್ರಿ ಒಂದೂವರೆಗೆ ಹೆಂಡತಿಯನ್ನು ಎಬ್ಬಿಸಿ ತೋರಿಸಿದ್ದಕ್ಕೆ ಬೈಸಿಕೊಂಡದ್ದೂ ಆಯಿತು.

ನನ್ನ ಕ್ಯಾಮೆರಾದಲ್ಲಿ ಅದು ಸಿಗುತ್ತದಾ?

---

ಬಡಗಣಗಾಳಿ ಬರೆದದ್ದು:

ಒಂದು ರಾತ್ರಿಯಲ್ಲಿ ಕಷ್ಟ. ಗ್ರಹಣ ಇಲ್ಲದ ನಾಲ್ಕೈದು ರಾತ್ರಿ, ಫೋಕಸ್ ಕೆಡಿಸಿ, ಹಸಿರು ಚಾನೆಲ್ ಮಾತ್ರ ತೆಗೆದು, ಐದಾರು ಫ್ರೇಮ್ ಒಟ್ಟು ಕೂಡಿಸಿ ಸರಾಸರಿ ಮಾಡಿ, ಎಲ್ಲ ರಾತ್ರಿಗಳನ್ನೂ 22.4 ನಿಮಿಷದ ತುಂಡುಗಳಾಗಿ ಒಂದರ ಮೇಲೊಂದು ಮಡಚಿದರೆ ಒಂದು ಉಬ್ಬು ಕಂಡರೂ ಕಾಣಬಹುದು. ಮಡಚುವುದು ನಿಮಗೀಗ ಬರುತ್ತದಲ್ಲ. ಕಂಡರೆ ಇಲ್ಲಿ ಹಾಕಿ, ಕಾಣದಿದ್ದರೂ ಹಾಕಿ. ಮತ್ತೆ ಆ ಗ್ರಹಣದ ಸಮಯವನ್ನು ಎಎವಿಎಸ್‌ಒಗೆ ಕಳಿಸಿ. ಗಡಿಯಾರ ಹೇಗೆ ತಿದ್ದಿದಿರಿ ಅನ್ನುವುದನ್ನೂ ಬರೆಯಿರಿ.

---

ಮೋಡಕವಿದವ ಬರೆದದ್ದು:

ಇನ್ನೊಂದು ಸಣ್ಣ ಲೆಕ್ಕ, ಮುಂದಿನ ಸಲಕ್ಕೆ. ಐದು ಸುತ್ತು ಅಂದರೆ 5.976 ದಿನ. ಅಂದರೆ ಆರು ದಿನಕ್ಕೊಮ್ಮೆ ಗ್ರಹಣ ಸುಮಾರು 34 ನಿಮಿಷ ಮುಂಚೆ ಬರುತ್ತದೆ. ನಿಮ್ಮ ಗ್ರಹಣ ತಿದ್ದಿದ ಮೇಲೆ 9:37 ಆಗಿತ್ತಲ್ಲ, ಮುಂದಿನದು 9:03, ಅದರ ಮುಂದಿನದು 8:29. ಹೀಗೆ ಎರಡು ಮೂರು ವಾರ ಸಂಜೆಗೆ ಸಿಗುತ್ತದೆ. ಆಮೇಲೆ ಕತ್ತಲಾಗುವ ಹೊತ್ತಿಗೆ ಇಳಿಯುವ ಬದಿ ಬಹುಪಾಲು ಮುಗಿದಿರುತ್ತದೆ.

---

ಕಾಫಿಗಿಡ ಬರೆದದ್ದು:

9:03ರದ್ದು ನಾಳೆ. ಮೊಬೈಲ್ ಗಡಿಯಾರ ನೋಡಿ ಕ್ಯಾಮೆರಾ ಸರಿ ಮಾಡಿದೆ. ಶುರುವಿನಲ್ಲಿ ಒಂದು, ಕೊನೆಯಲ್ಲಿ ಒಂದು ಮೊಬೈಲ್ ಪರದೆಯ ಫೋಟೊ ಕೂಡ ತೆಗೆದಿಡುತ್ತೇನೆ, ಎಷ್ಟು ಜಾರಿತು ಅಂತ ಆಮೇಲೆ ಗೊತ್ತಾಗಲಿ. ಲೆನ್ಸ್ ಫೋಕಸ್ ಕೆಡಿಸಿ ಟೇಪ್ ಅಂಟಿಸಿದ್ದೇನೆ. ಉತ್ತರದ ಮನೆಯವರಿಗೆ ತಾರಸಿ ದೀಪ ಆರಿಸಲು ಹೇಳಿ ಬಂದೆ, ಯಾಕೆ ಅಂತ ಕೇಳಿದರು, ನಕ್ಷತ್ರಕ್ಕೆ ಗ್ರಹಣ ಅಂದೆ. ಹಾಗಾದರೆ ಊಟ ಎಷ್ಟು ಹೊತ್ತಿಗೆ ಮಾಡಬೇಕು ಅಂತ ಕೇಳಿದರು.